ಮೊದಲನೇ ನೀರು

ಶನಿವಾರದ ಸಂತೆಯಲ್ಲಿ ಇಯಾ ಸಿಕಿರು
ಬೋಗುಣಿ ತುಂಬ ಕಹಿಸೊಪ್ಪು ಉಜ್ಜುತ್ತಾಳೆ,
ಹಸಿರು ನೊರೆ ಮೊಣಕೈವರೆಗೆ.
ಒಂದು ನೀರು, ಎರಡು ನೀರು, ಐದು ನೀರು.
ಕಹಿ ಹೋದಮೇಲೆಯೇ ಅದು ಸಾರಿಗೆ ಸೊಪ್ಪು.

"ತೊಳೆಯದ್ದು ಕೊಡು" ಅಂದೆ.
"ಯಾರಿಗೆ? ಜ್ವರದವರಿಗೋ?"
"ಸತುವಿಗೆ."
ಮುಂಗೈ ಒರೆಸಿಕೊಂಡು ನಕ್ಕಳು,
ಎರಡು ಹಿಡಿ ಹೆಚ್ಚಿಗೆ ಹಾಕಿದಳು.
ಹುಚ್ಚರಿಗೆ ಒಗ್ಬೊಮೊಶೊದಲ್ಲೂ ಕೊಸರು ಉಂಟು.

ನೆರಳಲ್ಲಿ ಏಳು ದಿನ ಒಣಗಿದ ಎಲೆ
ಕುದಿಸಿ ಸೋಸಿದರೆ ಚಹಾದ ಬಣ್ಣ,
ಯಾರೂ ಕುಡಿಯದ ಚಹಾ.
ಸತುವಿನ ನೈಟ್ರೇಟು ಕರಗಿದ ತಿಳಿನೀರಿಗೆ
ಹನಿ ಹನಿ ಬಿಡುತ್ತೇನೆ,
ಕೂಸಿಗೆ ಒಳಲೆಯಲ್ಲಿ ಮದ್ದು ಹನಿಸುವ ಹಾಗೆ.
ಮೊದಲು ಏನೂ ಆಗುವುದಿಲ್ಲ.
ಆಮೇಲೆ ತಳದಿಂದ ಒಂದು ಮೋಡ,
ಅಕ್ಕಿ ತೊಳೆದ ನೀರಿನಂಥದು.

ಕುಲುಮೆಗೆ ನಾನೂರು ಡಿಗ್ರಿ ಬೇಕು.
ಮುನ್ನೂರ ಹತ್ತಕ್ಕೆ ಕರೆಂಟು ಹೋಯಿತು.
ಕಾವಲಿನ ಬಾಬಾ ಲಾಸುನ್ ತನ್ನ ಬೈಕಿನಿಂದ
ಬಾಯಲ್ಲಿ ಪೆಟ್ರೋಲೆಳೆದು, ಉಗಿದು,
ಜನರೇಟರಿಗೆ ಕುಡಿಸಿದ.

ಮೂಸೆಯಲ್ಲೀಗ ಬಿಳಿ ಹಿಟ್ಟು.
ಹಸಿರಿಲ್ಲ, ಕಹಿಯಿಲ್ಲ.
ಇದರಲ್ಲಿ ಸೊಪ್ಪಿನದೇನು ಉಳಿಯಿತು ಅಂತ
ಅವಳು ಕೇಳಿದರೆ ಏನನ್ನಲಿ?
ಕಣ ದಪ್ಪಗಾಗದ ಹಾಗೆ
ಎಲೆ ಹಿಡಿದುಕೊಂಡಿತ್ತು, ಇಯಾ.
ಹಿಡಿದ ಕೈ ಸುಟ್ಟುಹೋಯಿತು,
ಹಿಡಿಯ ಅಳತೆ ಉಳಿಯಿತು.

ಆಸ್ಪತ್ರೆಯಿಂದ ಬಂದ ಕೀವಿಗೆ ಹೆಸರಿಲ್ಲ, ನಂಬರು.
ನಲವತ್ತೊಂದೆಂದರೆ ಟೈರಂಗಡಿಯ ಅಕಿನ್‌ಲಾಬಿಯ ಎಡಗಾಲು.
ನನಗೆ ಗೊತ್ತಿರಬಾರದು. ಗೊತ್ತಿದೆ.
ರಾತ್ರಿಯಿಡೀ ಅದು ಅಗರಿನ ಮೇಲೆ
ಮಂಜಿನಂತೆ ಹಬ್ಬಿತು.

ಬೆಳಿಗ್ಗೆ ತಟ್ಟೆಯನ್ನು ಬೆಳಕಿಗೆ ಹಿಡಿದೆ.
ಆಸ್ಪತ್ರೆಯ ಔಷಧದ ಬಿಲ್ಲೆಯ ಸುತ್ತ ಸೊನ್ನೆ.
ಬರೀ ಸೊಪ್ಪಿನ ರಸಕ್ಕೆ ಒಂಬತ್ತು ಮಿಲಿಮೀಟರು.
ಬಿಳಿ ಹಿಟ್ಟಿನ ಸುತ್ತ ಹದಿನೇಳು:
ಒರೆಸಿದ ಕಿಟಕಿಯಂಥ ಒಂದು ದುಂಡು ಜಾಗ,
ಅದರಾಚೆ ನನ್ನದೇ ಹೆಬ್ಬೆರಳು ಕಂಡಿತು.

ಇನ್ನೂ ಮೂರು ಸಲ ಮಾಡಬೇಕು.
ಗಾಜಿನ ತಟ್ಟೆ ಕಾಲಲ್ಲ.
ಇದು ಚರ್ಮಕ್ಕೇನು ಮಾಡುತ್ತದೋ, ಹೊಳೆಗೆ ಸೇರಿದರೆ
ಮೀನಿಗೇನು ಮಾಡುತ್ತದೋ.
ಬರೆದುಕೊಂಡೆ ೧೭, ಪೆನ್ಸಿಲಿನಲ್ಲಿ.

ಮತ್ತೆ ಶನಿವಾರ.
"ನಿನ್ನ ಸತು ಹುಷಾರಾಯಿತೇ?" ಎಂದು
ಗೋಣಿಯಡಿಯಿಂದ ಒಂದು ಸೋಡಾ ಬಾಟಲಿ ತೆಗೆದಳು.
"ಮೊದಲನೇ ನೀರು. ನಾವು ಚೆಲ್ಲುವುದು ಇದನ್ನೇ.
ಕಾಸು ಬೇಡ."
ಕತ್ತಿನಲ್ಲಿ ನೊರೆ
ಇನ್ನೂ ಆರಿರಲಿಲ್ಲ.