ಇನ್ನೂರು ಅಕ್ಷರ

ಮೂವತ್ತೊಂದು ವರ್ಷ ಮೊಳೆ ಜೋಡಿಸಿದ ಕೈ ಇದು.
ಗದಗಿನ ಪ್ರೆಸ್ಸಿನಲ್ಲಿ ಲಗ್ನಪತ್ರ, ತಿಥಿಯ ಕಾರ್ಡು,
ಚುನಾವಣೆಗೆ ನಿಂತವರ ಕೈಮುಗಿದ ಕರಪತ್ರ,
ಎಲ್ಲವನ್ನೂ ಉಲ್ಟಾ ಓದಿ ರೂಢಿ.
ಸೀಸ ತೂಕಕ್ಕೆ ಹೋಯಿತು, ಮಷೀನು ಅದರ ಹಿಂದೆ.
ಈಗ ಬೆಟಗೇರಿಯಲ್ಲಿ ಆರಡಿ ಅಗಲದ ಅಂಗಡಿ,
ಒಂದು ಝೆರಾಕ್ಸ್, ಒಂದು ಕಂಪ್ಯೂಟರ್,
ಎರಡು ಬೆರಳು.

ನಗರಸಭೆ ಆನ್‌ಲೈನಿನಲ್ಲಿ ಕೇಳಿತ್ತು:
ಕಾಯಿಪಲ್ಲೆ ಸಂತೆಯ ಹಿಂದೆ, ಹಳೆ ನಾಕಾ ಕೆಡವಿದ ಜಾಗದಲ್ಲಿ
ಏನಾಗಬೇಕು? ತಮ್ಮ ಅಭಿಪ್ರಾಯ ತಿಳಿಸಿ.
ಪಾರ್ಕಿಂಗ್. ಉದ್ಯಾನ. ವಾಣಿಜ್ಯ ಮಳಿಗೆ. ಇತರೆ.
ಗುಂಡಗಿನ ನಾಲ್ಕು ಕಣ್ಣು;
ಒಂದನ್ನು ಒತ್ತಿದರೆ ಉಳಿದ ಮೂರು ಮುಚ್ಚಿಕೊಳ್ಳುತ್ತವೆ.

ಟಂಟಂ ಹುಡುಗರು ಹದಿನಾಲ್ಕು ಜನ ಒಟ್ಟಿಗೆ ಬಂದರು,
ಓದದೆಯೇ ಪಾರ್ಕಿಂಗ್ ಒತ್ತಿಸಿ ಚಹಾಕ್ಕೆ ಹೋದರು.
ಪರಶುರಾಮಸಾ ಬಾಕಳೆ ಮಗ್ಗ ಬಿಟ್ಟು ಬಂದ:
“ಬಿಸಿಲು ಇರ್ಲಿ ಅಂತ ಬರಿ. ನೂಲು ಒಣಗಸಾಕ.”
ಬಿಸಿಲಿಗೆ ಕಣ್ಣಿರಲಿಲ್ಲ ಅಲ್ಲಿ. ಇತರೆ.

ಕಡೆಯ ದಿನ, ಮಧ್ಯಾಹ್ನ, ಮೌಲಾಬಿ.
ಸೆರಗಿನ ತುದಿಯಲ್ಲಿ ಮಗನ ಫೋನು,
ಬೆರಳಲ್ಲಿ ಕೊತ್ತಂಬರಿಯ ಮಣ್ಣು.
“ನಸುಕಿನ್ಯಾಗ ಬರ್ತೇವ್ರಿ, ರಾತ್ರಿ ಎಂಟಕ್ಕ ಏಳ್ತೇವಿ.
ಇಡೀ ದಿನಾ ನೀರ ಕುಡಿಯೂದಿಲ್ಲ.
ಯಾಕಂತ ನೀವು ಕೇಳಬ್ಯಾಡ್ರಿ,
ಬರೀರಿ ಅಷ್ಟ.”

ಕೇಳಲಿಲ್ಲ, ಬರೆದೆ.
ಖಾನೆಯ ಮೂಲೆಯಲ್ಲಿ ಒಂದು ಸಂಖ್ಯೆ ಇಳಿಯುತ್ತಿತ್ತು,
ಇನ್ನೂರು, ನೂರಾ ಅರವತ್ತು, ತೊಂಬತ್ತು,
ಗದಗಿನ ನಲ್ಲಿಯಂತೆ, ಕೊಡ ತುಂಬುವ ಮೊದಲೇ.
‘ಸ್ತ್ರೀ’ ಎಂದರೆ ನನಗೆ ಒಂದು ಅಕ್ಷರ.
ಈ ಮಷೀನು ಅದನ್ನು ಬಿಚ್ಚಿ, ಒತ್ತು ಬೇರೆ, ದೀರ್ಘ ಬೇರೆ,
ಆರು ಅಂತ ಎಣಿಸಿತು.
ನಾನೂ ಒಂದು ಕಾಲಕ್ಕೆ ಒತ್ತುಗಳನ್ನು ಬೇರೆ ಖಾನೆಯಲ್ಲೇ ಇಡುತ್ತಿದ್ದೆ,
ಆದರೆ ಬಿಲ್ಲು ಹಾಕಿರಲಿಲ್ಲ.

ಆಕೆ ಹೇಳುತ್ತಲೇ ಇದ್ದಳು, ಸಂಖ್ಯೆ ಸೊನ್ನೆಯಾಯಿತು.
ಸಲ್ಲಿಸು ಒತ್ತಿದರೆ:
ಈ ಮೊಬೈಲಿನಿಂದ ಈಗಾಗಲೇ ಅಭಿಪ್ರಾಯ ಸ್ವೀಕರಿಸಲಾಗಿದೆ.
ಮಗ ಆ ಹದಿನಾಲ್ಕರಲ್ಲಿ ಒಬ್ಬ.
“ಅಂದ್ರ ನಂದು?” ಎಂದಳು.

ನನ್ನ ನಂಬರು ಇನ್ನೂ ಕೋರಾ ಇತ್ತು.
ಸಂಜೆ ಬಾಗಿಲು ಹಾಕುವಾಗ
ವಾಚನಾಲಯ ಅಂತ ಬರೆಯೋಣವೆಂದು ಇಟ್ಟುಕೊಂಡಿದ್ದೆ.
ಹೆಸರು: ಮೌಲಾಬಿ. ಮೊಬೈಲು: ನನ್ನದು.
ಹತ್ತು ರೂಪಾಯಿ ಬೇಡವೆಂದೆ. ಒಂದು ಕಟ್ಟು ಮೆಂತ್ಯೆ ಇಟ್ಟು ಹೋದಳು.

ತಿಂಗಳ ಮೇಲೆ ಫಲಿತಾಂಶ ಬಂತು, ರೊಟ್ಟಿ ಕುಯ್ದ ಹಾಗೆ.
ದೊಡ್ಡ ಹೋಳು ಪಾರ್ಕಿಂಗಿಗೆ, ನೀಲಿ.
ಅಂಚಿನಲ್ಲಿ ಬೂದುಬಣ್ಣದ ಚೂರು, ಇತರೆ,
ಅದರೊಳಗೆ ಬಿಸಿಲು ಎಷ್ಟು, ನೀರು ಕುಡಿಯದವರು ಎಷ್ಟು,
ಹೇಳಿರಲಿಲ್ಲ.
ಪರಶುರಾಮಸಾ ನೋಡಿ ನಕ್ಕ. ನಾನು ಪ್ರಿಂಟ್ ತೆಗೆದಿಟ್ಟೆ, ಯಾಕೋ.

ಆಮೇಲೊಂದು ಬುಧವಾರ ಫೋನು.
ಹುಡುಗಿಯ ದನಿ, ಹಿಂದೆ ಫ್ಯಾನಿನ ಕಿರಿಕಿರಿ.
“ನಗರಸಭೆಯಿಂದ್ರಿ. ಮೌಲಾಬಿಯವರಾ?”
ಅರವತ್ತರ ಗಂಡಸಿನ ಗಂಟಲಲ್ಲಿ ನಾನು ಹೇಳಿದೆ:
ಹೌದ್ರಿ.
ಆಕೆ ಒಂದು ಕ್ಷಣ ಸುಮ್ಮನಿದ್ದಳು.
“ನೀವು ಬರ್ದದ್ದು ನಡುವ ಕಡದೈತ್ರಿ.
‘ಕಳೆದ ಬೇಸಿಗೆಯಲ್ಲಿ ನನ್ನ ಸೊಸೆ’, ಅಲ್ಲಿಗೆ ನಿಂತೈತಿ.
ಮುಂದ ಏನಾತ್ರಿ?”

ಎಷ್ಟು ಪ್ರೂಫು ನೋಡಿದ್ದೇನೆ.
ಬಿಟ್ಟುಹೋದ ಸಾಲನ್ನು
ಓದುಗ ಹುಡುಕಿಕೊಂಡು ಬಂದದ್ದು ಇದೇ ಮೊದಲು.

ತಡೀರಿ ಎಂದೆ. ಶಟರು ಅರ್ಧ ಎಳೆದು ಓಡಿದೆ,
ಹಗ್ಗ, ಬುಟ್ಟಿ, ಕೊಳೆತ ಟೊಮ್ಯಾಟೊ, ಯಾರದೋ ತಕ್ಕಡಿ ದಾಟಿ.
ಮೌಲಾಬಿ ಸೊಪ್ಪಿಗೆ ನೀರು ಚಿಮುಕಿಸುತ್ತಿದ್ದಳು.
ಕೈ ಒರೆಸಿಕೊಂಡು ಫೋನು ಹಿಡಿದು ನನ್ನನ್ನೇ ನೋಡಿದಳು:
“ಎಷ್ಟ ಅಕ್ಷರದಾಗ ಹೇಳ್ಲಿ?”

ಆಚೆಯವಳಿಗೆ ಕೇಳಿಸಿರಬೇಕು.
ಅಲ್ಲಿ ಯಾರೋ ಫ್ಯಾನು ಆರಿಸಿದರು.