ವಾರಕ್ಕೆ ಹನ್ನೆರಡು ಅಂಗಿ

ಸೋಮವಾರ ಬರುತ್ತಾರೆ, ಇಬ್ಬರೂ ಒಟ್ಟಿಗೆ.
ಒಬ್ಬನೇ ಬಂದದ್ದನ್ನು ನಾನು ಕಂಡಿಲ್ಲ.
ವಿರಾಜಪೇಟೆಯ ಗಡಿಯಾರ ಕಂಬದಿಂದ ಇಳಿಯುವಾಗಲೂ
ಒಂದೇ ನೊಗಕ್ಕೆ ಕಟ್ಟಿದ ಹಾಗೆ.
ತಲಾ ಆರು ಅಂಗಿ, ಎಲ್ಲಾ ಬಿಳಿ,
ಬಕೆಟ್ಟಿನಲ್ಲಿ ತಾವೇ ಒಗೆದದ್ದು. ನೀಲಿ ಜಾಸ್ತಿ.

ಒಬ್ಬ ರಾಜಮಹೇಂದ್ರಿಯ ಕಡೆಯವನು, ದೈವಾಶೀರ್ವಾದಂ,
ನನ್ನ ಚೀಟಿಯಲ್ಲಿ ಅವನ ಹೆಸರು ಹಿಡಿಯುವುದಿಲ್ಲ.
ಇನ್ನೊಬ್ಬನ ಊರು ಐಡಾಹೊ,
ಅಲ್ಲಿ ಆಲೂಗಡ್ಡೆ ಬಿಟ್ಟರೆ ಆಕಾಶವಂತೆ.
ಹೆಸರು ಹಾಲ್ವರ್ಸನ್. ಪೇಟೆಯ ಬಾಯಲ್ಲಿ
ಎರಡೇ ದಿನಕ್ಕೆ ಅಲ್ವಾರಿಸ್ ಆಯಿತು,
ಬೇಕರಿಯವರ ಮೊಮ್ಮಗನಾ ಅಂತ ಕೇಳಿದವರೂ ಉಂಟು.

ಎದೆಯ ಕಪ್ಪು ಪಟ್ಟಿಯಲ್ಲಿ ಹೆಸರಿಗಿಂತ ಮುಂಚೆ ‘ಎಲ್ಡರ್’.
ಹಾಗೆಂದರೇನು, ಅಂದೆ.
‘ಹಿರಿಯ’ ಅಂದ.
ಹತ್ತೊಂಬತ್ತು ವರ್ಷ, ಗಲ್ಲದ ತುಂಬ ಮೊಡವೆ.
ಈ ಇದ್ದಿಲ ಪೆಟ್ಟಿಗೆ ನಿನಗಿಂತ ಹಿರಿಯ ಮಾರಾಯ, ಅಂದೆ.
ಅರ್ಥವಾಗಲಿಲ್ಲ. ನಕ್ಕ.

ಇವರ ದೇವರು ಕಾಫಿ ಬೇಡ ಅಂದಿದ್ದಾನೆ.
ಅಂದವನು ಇವರನ್ನು ಕಳಿಸಿದ್ದು ಕೊಡಗಿಗೆ!
ಕಣದಲ್ಲಿ ಕಾಫಿ, ಬಸ್ಸಿನ ಸೀಟಿನಡಿ ಕಾಫಿ,
ಹೊಸ್ತಿಲು ದಾಟುವ ಮೊದಲೇ ಬೆಲ್ಲದ ಕಾಫಿ.
‘ಬೇಡ ಅಜ್ಜಿ, ಬಿಸಿನೀರು ಸಾಕು’:
ಅವನ ಕನ್ನಡದಲ್ಲಿ ತಪ್ಪಿಲ್ಲದ ವಾಕ್ಯ ಅದೊಂದೇ.
ಬೊಳ್ಳಮ್ಮಜ್ಜಿ ಅವನನ್ನು ಕರೆಯುತ್ತಿದ್ದದ್ದೂ ಹಾಗೆಯೇ,
ಏ ಬಿಸಿನೀರೂ, ಬಾ ಇಲ್ಲಿ.

ಬೈಕಿನಲ್ಲಿ ಇಬ್ಬರು ಬಂದು ವಿಚಾರಿಸಿದರು,
ಯಾರಿವರು, ಏನು ಮಾರುತ್ತಾರೆ?
ಗೊತ್ತಿದ್ದಷ್ಟು ಹೇಳಿದೆ. ವಾರಕ್ಕೆ ಹನ್ನೆರಡು ಅಂಗಿ.
ಬಾಗಿಲು ತಟ್ಟುವುದಿಲ್ಲ, ಕರೆದರೆ ಹೋಗುತ್ತಾರೆ,
ಟೈಯನ್ನು ಬೆನ್ನಿಗೆ ಹಾಕಿಕೊಂಡು
ಅಜ್ಜಿಗೆ ಸೌದೆ ಒಡೆದು ಕೊಡುತ್ತಾರೆ.
ಕೊಡಲಿ ಹಿಡಿಯುವುದು ತೆಲುಗಿನವನಿಗೆ ಬರುವುದಿಲ್ಲ.

ಜೂನಿನಲ್ಲಿ ಕಾಲರಿಗೆ ಜಿಗಣೆಯ ರಕ್ತ.
ಒಮ್ಮೆ ಬಲತೋಳಿನಲ್ಲಿ, ತಿದ್ದುವಾಗ ಒತ್ತಿಕೊಂಡದ್ದಿರಬೇಕು,
ತಿರುಗುಮುರುಗಾಗಿ ಅಚ್ಚಾದ ಒಂದು ‘ಳ’.
ತೆಗೆಯಲು ಮನಸ್ಸಾಗಲಿಲ್ಲ, ತೆಗೆದೆ.

ಹೂಮಳೆ ಬಿದ್ದ ವಾರ,
ಪೇಟೆಯ ತನಕ ಕಾಫಿ ಹೂವಿನ ವಾಸನೆ,
ಆ ಸೋಮವಾರ ಒಗೆಯದೇ ತಂದ.
ಅಲ್ಲಿ ಅವನ ಅಜ್ಜ ತೀರಿಕೊಂಡಿದ್ದರು.
ಎರಡು ವರ್ಷ ತುಂಬದೆ ಊರಿಗೆ ಹೋಗುವಂತಿಲ್ಲ,
ಯಾರೂ ಕಟ್ಟಿಹಾಕಿಲ್ಲ, ಇವನೇ ಒಪ್ಪಿ ಬಂದದ್ದು.
ಮಣ್ಣು ಮಾಡುವುದನ್ನು ಫೋನಿನಲ್ಲಿ ನೋಡಿದನಂತೆ,
ಹಿಮ ಗುಡಿಸಿ ಅಗೆದಿದ್ದರಂತೆ.
ಹೇಳಿದ್ದು ದೈವಾಶೀರ್ವಾದಂ. ಹೇಳಿ
ರಸ್ತೆಯ ಆಚೆ ಏನೋ ಇದೆ ಎಂಬಂತೆ ನೋಡುತ್ತ ನಿಂತ.

ಅಂಗಿಯ ತೋಳಿನ ತುದಿ ಗರಿಗರಿ.
ಬಿಳಿಯ ಮೇಲೆ ಉಪ್ಪು ಕಣ್ಣಿಗೆ ಕಾಣದು,
ಬೆರಳಿಗೆ ಸಿಗುತ್ತದೆ.
ಜೇಬಿನ ಮೇಲೆ, ಪಟ್ಟಿ ಕೂರುವ ಜಾಗದಲ್ಲಿ
ಕಂದು ಕಲೆ. ಮೂಸಿದೆ.
ಬೆಲ್ಲ, ಸ್ವಲ್ಪ ಶುಂಠಿ. ಬೊಳ್ಳಮ್ಮಜ್ಜಿಯ ಮನೆಯದೇ.

‘ಇದು ಹೋಗುವುದಾ?’ ಅಂದ.
ಅಜ್ಜಿ ಕೇಳದೆಯೇ ಲೋಟ ಕೈಗಿಟ್ಟಿರಬೇಕು,
ಸಾವಿನ ಸುದ್ದಿ ಬಂದವನನ್ನು ಬಿಸಿನೀರಿನಲ್ಲಿ ಕಳಿಸುತ್ತಾಳೆಯೇ?
ಕೈ ನಡುಗಿ ಚೆಲ್ಲಿತೋ,
ಎರಡು ಗುಟುಕು ಒಳಗಿಳಿಯಿತೋ,
ನಾನೇನು ಪಾದ್ರಿಯೇ ಕೇಳುವುದಕ್ಕೆ.
ನಿಂಬೆ, ಉಪ್ಪು, ಎರಡು ಬಿಸಿಲು.
ಕಾಳುಮೆಣಸಿನಷ್ಟು ಉಳಿಯಿತು.
ಅದರ ಮೇಲೇ ಪಟ್ಟಿ ಚುಚ್ಚಿಕೊಂಡು ಹೋದ.

ಮೇ ತಿಂಗಳಲ್ಲಿ ಅವನ ಲೆಕ್ಕ ಮುಗಿಯಿತು.
ಬಾಕಿ ಹದಿನೆಂಟು ರೂಪಾಯಿ, ಜೊತೆಗೆ ಒಂದು ಟೈ.
ಟೈ ಕಟ್ಟಲು ನನಗೆಲ್ಲಿ ಕೊರಳು!
ಪೆಟ್ಟಿಗೆಯ ಹಿಡಿಗೆ ಸುತ್ತಿದ್ದೇನೆ,
ಕೈ ಸುಡುವುದಿಲ್ಲ.

ಅವನ ಜಾಗಕ್ಕೆ ಬೇರೊಬ್ಬ ಬಂದಿದ್ದಾನೆ, ಉದ್ದ ತೋಳಿನವನು,
ಅವನೂ ಹಿರಿಯನಂತೆ.
ಹೆಸರು ಇನ್ನೂ ನಾಲಿಗೆಗೆ ಕೂತಿಲ್ಲ.
ಕಾಲರಿನ ಬೆವರು ಬೇರೆ ಥರ.