ಇಲ್ಲ ಎನ್ನಲು ಬೇಕಾದ ಹೊತ್ತು

ಮೊಂತೆವಿದೆಯೋ. ಎಂಬತ್ತೇಳರ ಜುಲೈ, ಮೂಳೆ ಕೊರೆಯುವ ಚಳಿ.
ಜನನ ಮರಣ ನೋಂದಣಿ ಕಚೇರಿಯಲ್ಲಿ ಮೂರನೇ ಕಿಟಕಿ ನನ್ನದು.
ಗಾಜಿನಾಚೆಯ ಸಾಲು ಮೆಟ್ಟಿಲಿಳಿದು, ಬೀದಿ ತಿರುಗಿ,
ಬ್ರೆಡ್ಡಿನಂಗಡಿಯ ಬಾಗಿಲು ಮುಟ್ಟುತ್ತಿತ್ತು.
ಹೆಸರು ಒತ್ತಿದರೆ ಹಸಿರು ಚುಕ್ಕಿ ಮಿಟುಕುತ್ತ ಕೂರುವುದು.
ಅಷ್ಟರಲ್ಲಿ ನಾನೊಂದು ಗುಟುಕು ಮಾಟೆ ಹೀರಿ,
ಬಿಸಿನೀರು ಹೊಯ್ದು, ಪಕ್ಕದ ಒಲೆಗಾರಿಯೊಗೆ ದಾಟಿಸಿ,
ಅವನದೂ ಮುಗಿದು, ಬುರುಡೆ ನನ್ನ ಕೈಗೆ ಮರಳಿದರೂ
ಚುಕ್ಕಿ ಮಿಟುಕುತ್ತಲೇ ಇರುವುದು.

ಸರಿಪಡಿಸಲು ಬಂದವಳು ನಿಲ್ದಾ ಬೆರ್ರುಟ್ಟಿ.
ಮೊದಲ ದಿನ ಒಂದು ತಿರುಪನ್ನೂ ಬಿಚ್ಚಲಿಲ್ಲ.
ಬಟ್ಟೆ ಒಗೆಯುವ ಯಂತ್ರದಷ್ಟಿದ್ದ ಡಿಸ್ಕಿನ ಪೆಟ್ಟಿಗೆಗೆ
ಕಿವಿಯಾನಿಸಿ ಕೂತಳು,
ಕಲ್ಲಂಗಡಿ ತಟ್ಟಿ ಕೊಳ್ಳುವವಳ ಹಾಗೆ.
ಟಕ್.
ತಡೆದು, ಮತ್ತೆ
ಟಕ್.

ಹುಟ್ಟಿದವರನ್ನೆಲ್ಲ ಒಳಸುತ್ತಿನಲ್ಲಿ ಬರೆದಿದ್ದರು,
ಸತ್ತವರನ್ನು ತೀರ ಹೊರಅಂಚಿನಲ್ಲಿ.
ನಡುವೆ, ಬೇರೆ ಇಲಾಖೆಯವರು ಇಟ್ಟು ಮರೆತ
ಕುದುರೆಗಾಡಿ ಪರವಾನಗಿಗಳು.
ಸತ್ತರೆಂದು ಪತ್ರ ಕೊಡಲು ಹುಟ್ಟಿದ್ದನ್ನು ಮೊದಲು ನೋಡಬೇಕಲ್ಲ;
ತಟ್ಟೆಗಳ ನಡುವಿನ ಆ ಬಡಕಲು ತೋಳು
ಒಬ್ಬೊಬ್ಬರಿಗೂ ಒಂದಿಡೀ ಆಯುಸ್ಸು ದಾಟಬೇಕು,
ದಾಟಿ ಮರಳಬೇಕು. ಹೋದ ಪುಟ್ಟ, ಬಂದ ಪುಟ್ಟ.
'ಓದಲಿಕ್ಕಲ್ಲ, ಓಡಾಡಲಿಕ್ಕೇ ಹೊತ್ತು ಹೋಗುತ್ತಿದೆ,' ಎಂದಳು.

ಚೌಕುಳಿ ಪುಸ್ತಕದಲ್ಲಿ ಎರಡು ವಾರ ಮಿಲಿಸೆಕೆಂಡು ಬರೆದಳು.
ಒಂದು ಶನಿವಾರ ರಾತ್ರಿ ಕುದುರೆಗಳನ್ನು ಅಂಚಿಗೆ ಅಟ್ಟಿ
ಹುಟ್ಟನ್ನೂ ಸಾವನ್ನೂ ನಡುವಿಗೆ ತಂದು
ಮೈಗೆ ಮೈ ತಾಗಿಸಿ ಕೂರಿಸಿದಳು.
ಕರೆದವರ ಕಡೆಗೆಲ್ಲ ಹಾರಬೇಡ, ಲಿಫ್ಟಿನ ಹಾಗೆ
ಹೋಗುವ ದಾರಿಯಲ್ಲಿ ಸಿಕ್ಕವರನ್ನು ಹತ್ತಿಸಿಕೋ
ಎಂದು ತೋಳಿಗೆ ಬುದ್ಧಿ ಕಲಿಸಿದಳು.

ಸೋಮವಾರ ಹನ್ನೊಂದಕ್ಕೆಲ್ಲ ಸಾಲು ಕರಗಿತ್ತು.
ನನ್ನ ಮಾಟೆ ಮೇಜಿನ ಮೇಲೇ ತಣ್ಣಗಾಯಿತು.

ಆದರೂ ಅವಳ ಪಟ್ಟಿಯಲ್ಲಿ ಒಂದು ಹೆಸರು ಹಠ ಹಿಡಿದಿತ್ತು:
ಅಬಯುಬಾ ತೆಚೇರ. ಪ್ರತಿ ಗುರುವಾರ, ಒಂಬತ್ತು ಗಂಟೆ.
ಇದ್ದದ್ದಾದರೆ ಸಿಕ್ಕಲ್ಲಿಗೆ ತೋಳು ನಿಲ್ಲುತ್ತದೆ,
ಇಲ್ಲದ್ದಕ್ಕೆ ಕಟ್ಟಕಡೆಯ ಸಾಲಿನವರೆಗೂ ತಡಕಬೇಕು.
ನಿಲ್ದಾ 'ಇಲ್ಲ'ಗಳದೇ ಒಂದು ಚಿಕ್ಕ ಪಟ್ಟಿ ಮಾಡಿ
ಯಂತ್ರದ ನೆನಪಿನಲ್ಲಿ ಇಟ್ಟಳು.
ಕೇಳಿದ ಕೂಡಲೆ ಉತ್ತರ. ಡಿಸ್ಕನ್ನು ಮುಟ್ಟುವುದೇ ಬೇಡ.

ಗುರುವಾರ ದೋನ್ಯಾ ಎಉಫ್ರಾಸಿಯಾ ಬಂದರು.
ಮಗನ ಹೆಸರು ಒತ್ತಿದೆ. ಬೆರಳೆತ್ತುವ ಮೊದಲೇ ಬಂತು: ಇಲ್ಲ.
ಮುದುಕಿ ನನ್ನನ್ನೇ ನೋಡಿದರು.
'ಹುಡುಕಲೇ ಇಲ್ಲವಲ್ಲ ನೀನು.'
ಹೊಸ ಏರ್ಪಾಡು ಅಮ್ಮ, ಈಗ ಬೇಗ, ಎಂದೆ.
'ಬೇಗ! ಎಪ್ಪತ್ತಾರರಿಂದ ಎಲ್ಲರೂ ಇಷ್ಟೇ ಬೇಗ ಹೇಳಿದ್ದಾರಪ್ಪ.
ಠಾಣೆಯಲ್ಲಿ, ಬ್ಯಾರಕ್ಕಿನ ಗೇಟಿನಲ್ಲಿ, ಬಾಯಿ ತೆರೆಯುವ ಮೊದಲೇ ಇಲ್ಲ.
ಹೊತ್ತು ತಗೊಂಡು ನೋಡುತ್ತಿದ್ದದ್ದು
ಇಲ್ಲಿನದ್ದೊಂದೇ.'

ನಿಲ್ದಾ ಹಿಂದೆ ನಿಂತಿದ್ದಳು, ತಿರುಪುಳಿ ಕೈಯಲ್ಲೇ ಇತ್ತು.
ಬಹಳ ಹೊತ್ತಿನ ಮೇಲೆ, ನನಗಲ್ಲ, ಪೆಟ್ಟಿಗೆಗೆ ಎಂಬಂತೆ,
'ನಿನ್ನೆಯ ಇಲ್ಲ ಇವತ್ತಿನ ಇಲ್ಲ ಅಲ್ಲ' ಎಂದಳು.
ಆ ಚಿಕ್ಕ ಪಟ್ಟಿಯನ್ನು ಅಂದೇ ಅಳಿಸಿದಳು.

ವರದಿಯಲ್ಲಿ ಸರಾಸರಿ ಚೆನ್ನಾಗಿತ್ತು.
ಒಂದು ಅಂಕಿಗೆ ಮಾತ್ರ ನಿರ್ದೇಶಕರು ಕೆಂಪು ಸುತ್ತು ಹಾಕಿ ಕೇಳಿದರು:
ಇದೊಂದು ಯಾಕೆ ಹೀಗೆ ಉಳಿದಿದೆ?
ನಿಲ್ದಾ ಪಕ್ಕದಲ್ಲಿ ಬರೆದಳು: ನೋಡಿದ್ದೇನೆ. ಸರಿಯಾಗಿಯೇ ಇದೆ.

ಈಗಲೂ ಗುರುವಾರ ಒಂಬತ್ತಕ್ಕೆ
ನಾನು ಹೆಸರು ಒತ್ತಿ ಕೈ ಕಟ್ಟಿ ಕೂರುತ್ತೇನೆ.
ಮುದುಕಿ ಉಣ್ಣೆಯ ಟೋಪಿ ಕಿವಿಯಿಂದ ಸರಿಸಿ
ಗಾಜಿಗೆ ತಲೆ ಒರಗಿಸುತ್ತಾರೆ.
ಒಳಗೆ, ಗೋಡೆಯಾಚೆ,
ಟಕ್,
ಒಂದೊಂದೇ ಸಾಲು ದಾಟುತ್ತ,
ಟಕ್.